ಒಂದೂಕಾಲು ಸೆಂಟ್ಸು

ಬಂದರಿನ ಓಣಿಯಲ್ಲಿ ಒಂದೂಕಾಲು ಸೆಂಟ್ಸು.
ಹನ್ನೊಂದಡಿ ಅಗಲ. ಎಡಕ್ಕೆ ಒಣಮೆಣಸಿನ ಗೋದಾಮು,
ಬಲಕ್ಕೆ ಬೀಗ ಜಡಿದ ಹೆಂಚಿನ ಮನೆ,
ಹಿಂದೆ ಬಾವಿ, ಬಾವಿಯ ನೆತ್ತಿಯ ಮೇಲೇ ಕಂಪೌಂಡು:
ಅರ್ಧ ನೀರು ಇವರದು, ಅರ್ಧ ಅವರದು,
ಆಮೆ ಮಾತ್ರ ಎರಡೂ ಕಡೆಯದು.

ಮೂರು ಎಂಜಿನಿಯರರು ಕೈಯಾಡಿಸಿಬಿಟ್ಟ ಮೇಲೆ
ಬಲ್ಮಠದ ನನ್ನ ಕಚೇರಿಯ ಮೆಟ್ಟಿಲು ಹತ್ತಿದರು
ಚೆಯ್ಯಬ್ಬ, ಹಿಂದೆ ನೆಬೀಸ.
ಇಪ್ಪತ್ತೆಂಟು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವರು,
ಎರಡಡಿಯ ಬಂಕಿನಲ್ಲಿ ಮಲಗಿ ಮಲಗಿ
ಈಗ ದೊಡ್ಡ ಮಂಚದಲ್ಲೂ ನಿದ್ದೆಗಣ್ಣಲ್ಲಿ ಗೋಡೆ ತಡಕುವವರು.
ಕೋಬೆಯಲ್ಲಿ ಹಡಗು ರಿಪೇರಿಗೆ ನಿಂತ ಒಂಬತ್ತು ದಿನ
ಅವರು ತಿರುಗಾಡಿ ನೋಡಿದ್ದು ಮನೆಗಳನ್ನೇ.
"ಒಂದು ಕಾರು ನಿಲ್ಲಿಸುವ ಜಾಗ ಮೇಡಂ, ಅಷ್ಟರಲ್ಲಿ
ಮೂರು ಮಾಳಿಗೆ. ಒಳಗೊಂದು ಮರ.
ಮರಕ್ಕೂ ಒಂದು ಕೋಣೆ."

ನಾನು ಜಪಾನು ಕಂಡವಳಲ್ಲ.
ನಕ್ಷೆಗಳನ್ನು ಕಾಗದದಂತೆ ಓದಿದವಳು, ಊರಿಂದ ಬಂದ ಕಾಗದದಂತೆ.
ಅಲ್ಲಿ ಕೋಣೆಗೆ ಚಾಪೆಯೇ ಅಳತೆ ಎಂದೆ,
ನಾಲ್ಕೂವರೆ ಚಾಪೆಯ ಕೋಣೆ, ಆರು ಚಾಪೆಯ ಕೋಣೆ.
ನೆಬೀಸ ಆಗ ತಲೆಯೆತ್ತಿದರು.
"ನಮ್ಮಲ್ಲೂ ಹಾಗೇ ಅಲ್ಲವಾ?
ನೆಂಟರು ಬಂದರೆ ಎಷ್ಟು ಜನ ಅಂತ ಯಾರು ಕೇಳುತ್ತಾರೆ,
ಎಷ್ಟು ಚಾಪೆ ಹಾಸಲಿ ಅಂತಲೇ."

ಬರೆದೆ. ಗೋಡೆ ಕಿತ್ತು ಜಾರುಬಾಗಿಲಿಟ್ಟೆ.
ಕಪಾಟಿನ ಬೆನ್ನೇ ಮೆಟ್ಟಿಲು, ಮೆಟ್ಟಿಲ ಹೊಟ್ಟೆಯೊಳಗೆ
ಕುಚ್ಚಲಕ್ಕಿ, ಹೊಲಿಗೆ ಯಂತ್ರ, ಮಡಿಚಿದ ಹಾಸಿಗೆ.
ನಡುವೆ ನಾಲ್ಕಡಿಗೆ ಐದಡಿ ಆಕಾಶ;
ಬೆಳಕು ಇಳಿದು ಗೋದಾಮಿನ ಗೋಡೆಗೆ ಭುಜ ತಾಗಿಸಿ
ತುಸು ಕೆಂಪಾಗಿ ಒಳಬರಬೇಕು ಎಂಬುದು ಲೆಕ್ಕ.
ಸೆಟ್‌ಬ್ಯಾಕು ಎಲ್ಲಿ ಎಂದ ಕಾರ್ಪೊರೇಷನ್ನಿನವನಿಗೆ
ಆ ಆಕಾಶವನ್ನೇ ತೋರಿಸಿದೆ. ಅವನು ನಗಲಿಲ್ಲ.
ನಾಲ್ಕು ತಿಂಗಳು.

ಥರ್ಮಾಕೋಲಿನ ಪುಟ್ಟ ಮನೆ ಕಟ್ಟಿಕೊಂಡು ಹೋದೆ.
ನೆಬೀಸ ಎರಡು ಬೆರಳಲ್ಲಿ ಮೆಟ್ಟಿಲು ಹತ್ತಿದರು, ಇಳಿದರು.
ಆಮೇಲೆ ಒಲೆಯ ಬಳಿಯಿಂದ ಒಂದು ಬೆಂಕಿಕಡ್ಡಿ ತಂದು
ಮೇಲಿನ ಕೋಣೆಯಲ್ಲಿ ಮಲಗಿಸಿ
ಕೆಳಗಿಳಿಸಲು ನೋಡಿದರು.
ತಿರುವಿನಲ್ಲಿ ಸಿಕ್ಕಿಕೊಂಡಿತು.
"ಮಯ್ಯತ್ತು ಹೇಗೆ ಇಳಿಸುತ್ತಾರೆ?"

"ಹಡಗಾದರೆ ಕಡಲಿಗೆ ಬಿಡುತ್ತಿದ್ದರು" ಎಂದು ಚೆಯ್ಯಬ್ಬ ನಕ್ಕರು, ಒಬ್ಬರೇ.
ಅವಳ ಅಕ್ಕನನ್ನು ಕಂಕನಾಡಿಯ ಫ್ಲಾಟಿನಿಂದ
ಲಿಫ್ಟಿನಲ್ಲಿ ನಿಲ್ಲಿಸಿ ತಂದಿದ್ದರಂತೆ,
ಮಗ ಸೊಂಟ ಹಿಡಿದುಕೊಂಡು.
ಜೀವವಿದ್ದಾಗ ಮಂಡಿನೋವು, ನಿಲ್ಲಲಾರದವಳು.

ನನ್ನ ಪುಸ್ತಕದ ಮನೆಗಳಲ್ಲಿ ಯಾರೂ ಸತ್ತಿರಲಿಲ್ಲ.
ಒಂದು ಬೆಕ್ಕು, ಒಂದು ಹೂದಾನಿ,
ಬಾಗಿಲಲ್ಲಿ ಬಿಟ್ಟ ಎರಡು ಜೊತೆ ಚಪ್ಪಲಿ.

ಆ ರಾತ್ರಿ ಐದಡಿಯ ಆಕಾಶವನ್ನು ಏಳಡಿ ಮಾಡಿದೆ.
ಆರು ಚಾಪೆಯ ಕೋಣೆ ಐದೂವರೆಯಾಯಿತು.
ಮೇಲಿನ ತೊಲೆಗೆ ಒಂದು ಕೊಕ್ಕೆ, ಒಂದು ರಾಟೆ,
ಬಂದರಿನಲ್ಲಿ ಮೂಟೆ ಇಳಿಸುತ್ತಾರಲ್ಲ, ಅಂಥದ್ದು.
ಬೀರು ಇಳಿಸಲಿಕ್ಕೆ, ಎಂದೆ ಮೇಸ್ತ್ರಿಗೆ.
"ಬೀರು ಎಲ್ಲಿದೆ ಇವರಲ್ಲಿ?" ಎಂದ ಅವನು,
ಆದರೂ ಹಾಕಿದ, ಎರಡು ಸಲ ಜೋತು ನೋಡಿದ.

ಮೊನ್ನೆ ಹೋಗಿದ್ದೆ. ಬೆಳಕು ನಾನೆಣಿಸಿದ ಕೆಂಪಲ್ಲ,
ಬರೀ ಬೆಳಕು, ಜೊತೆಗೆ ಮೆಣಸಿನ ಘಾಟು;
ಮನೆಯವರು ಸೀನುತ್ತಲೇ ಮಾತಾಡುತ್ತಾರೆ.
ಜಾರುಬಾಗಿಲು ಒಂದು ಜಾರುವುದಿಲ್ಲ.
ಮರ ಇನ್ನೂ ಮೊಣಕಾಲೆತ್ತರ.
ರಾಟೆಯಲ್ಲಿ ಒಂದು ನೇಂದ್ರಗೊನೆ ತೂಗುತ್ತಿತ್ತು.
ಚೆಯ್ಯಬ್ಬ ಹಗ್ಗ ಸಡಿಲಿಸಿ ನಿಧಾನಕ್ಕೆ,
ಎಲ್ಲೂ ತಾಗದ ಹಾಗೆ,
ಅದನ್ನು ಅಂಗಳಕ್ಕೆ ಇಳಿಸಿ ತೋರಿಸಿದರು.

ನೆಬೀಸ ಒಂದು ಕಾಯಿ ಒತ್ತಿ ನೋಡಿ,
"ಈಗಲೇ ಬೇಡ, ಹಣ್ಣಾಗಿಲ್ಲ" ಎಂದರು.
ಮತ್ತೆ ಮೇಲಕ್ಕೆ ಎಳೆದರು.