ಮೂರನೆಯ ಹಗ್ಗ

ಎಷ್ಟು ದೂರ, ಎಂದು ಮೊದಲ ತಿರುವಿನಲ್ಲೇ ಕೇಳುತ್ತಾರೆ.
ಮೂರು ಹಗ್ಗ, ಎನ್ನುತ್ತೇನೆ.
ನಗುತ್ತಾರೆ. ಕಿಲೋಮೀಟರಿನಲ್ಲಿ ಹೇಳಿ, ಎನ್ನುತ್ತಾರೆ.
ಕಿಲೋಮೀಟರು ಕೆಳಗೆ ಬಸ್ಸು ನಿಲ್ಲುವಲ್ಲಿ
ತುಕ್ಕು ಹಿಡಿದ ಬೋರ್ಡಿನ ಮೇಲಿದೆ;
ಬರೆದವನು ಇಲ್ಲಿಗೆ ಹತ್ತಿದವನಲ್ಲ.

ತೈವಾನಿನ ಈ ಬೆಟ್ಟ
ಪ್ರತಿ ಆಗಸ್ಟಿನಲ್ಲೂ ಮಗ್ಗುಲು ಬದಲಿಸುತ್ತದೆ.
ಚಂಡಮಾರುತ ದಾಟಿಹೋದ ಮೂರನೆಯ ದಿನ
ಕತ್ತಿ ಹಿಡಿದು ದಾರಿ ಹುಡುಕಲು ಹೊರಡುತ್ತೇನೆ,
ರಾತ್ರಿ ಮನೆಗೆ ಬಾರದ ನಾಯಿಯನ್ನು ಹುಡುಕುವ ಹಾಗೆ
ಹೆಸರು ಹಿಡಿದು ಕೂಗುತ್ತ.
ಕೆಲವು ಸಲ ಕುಂಟುತ್ತ ಬರುತ್ತದೆ.
ಕೆಲವು ಸಲ ಹೊಸದೊಂದನ್ನು ಸಾಕಿಕೊಳ್ಳಬೇಕು.

ಮೊದಲ ಹಗ್ಗ ಸರ್ಕಾರದ್ದು. ಹಳದಿ ನೈಲಾನು,
ರಸೀದಿ ಇದೆ, ಫೋಟೋ ಇದೆ,
ಕಟ್ಟಿದ ಮರ ಮಾತ್ರ ಒಳಗೆ ಟೊಳ್ಳು.
(ಅದನ್ನು ನಂಬಬೇಡಿ, ಬೇರು ಹಿಡಿದು ಹತ್ತಿ.)
ಎರಡನೆಯದು ನಮ್ಮ ಅತಯಾಲ್ ಬೇಟೆಗಾರರದ್ದು,
ನಾಲ್ಕು ತಲೆಮಾರಿನ ಅಂಗೈ ಬೆವರು ಕುಡಿದು ಕಪ್ಪಾದದ್ದು.

ಎರಡಕ್ಕೂ ಮೂರಕ್ಕೂ ನಡುವೆ
ಮಾಕಾವ್ ಕಾಳು ಕಿತ್ತು ಎಲ್ಲರ ಕೈಗೂ ಹಾಕುತ್ತೇನೆ.
ಮೆಣಸೋ, ನಿಂಬೆಯೋ?
ಎರಡೂ ಅಲ್ಲ. ಅಗಿಯಿರಿ.
ಅಗಿಯುವಷ್ಟು ಹೊತ್ತು ಯಾರೂ ದೂರ ಕೇಳುವುದಿಲ್ಲ.
ಇಲ್ಲಿಂದಲೇ ಅದರ ಸದ್ದು ಶುರು,
ಕಿವಿಗಲ್ಲ, ಮೊದಲು ಅಂಗಾಲಿಗೆ.

ಸಿಸಿಲ್ ಹಕ್ಕಿ ದಾರಿಗೆ ಅಡ್ಡ ಹಾರಿದರೆ
ಅಜ್ಜ ಬಂದೂಕು ಹೆಗಲಿಗೇರಿಸಿ ಮನೆಗೆ ತಿರುಗುತ್ತಿದ್ದ.
ನಾನು ತಿರುಗಲಾರೆ, ಮುಂಗಡ ತೆಗೆದುಕೊಂಡಿದ್ದೇನೆ.
ಹಕ್ಕಿಯ ದನಿ ಕೇಳಿದೊಡನೆ ಬಗ್ಗಿ
ಷೂ ಲೇಸು ಕಟ್ಟಿಕೊಳ್ಳುತ್ತೇನೆ, ನೋಡದೆ ಇದ್ದರೆ
ಹಾರಿದ್ದಕ್ಕೆ ಸಾಕ್ಷಿಯಿಲ್ಲ.

ಮೂರನೆಯ ಹಗ್ಗ ನನ್ನ ತಮ್ಮ ಹಾಯುಂಗ್ ಕಟ್ಟಿದ್ದು.
ಹನ್ನೊಂದು ವರ್ಷವಾಯಿತು.
ಬಂಡೆಯ ನೆತ್ತಿಯ ಸೈಪ್ರೆಸ್ ಬುಡಕ್ಕೆ
ಎಡಗೈಯವನ ಗಂಟು.
ಆಮೇಲೆ ಅವನು ತೈಚುಂಗಿಗೆ ಹೋದ, ಸಾರುವೆ ಕೆಲಸಕ್ಕೆ.
ಇಪ್ಪತ್ತೆರಡನೆಯ ಮಹಡಿ.
ಅಲ್ಲಿ ಹಗ್ಗ ಕಟ್ಟಿದವರು ಬೇರೆ ಯಾರೋ.

ಎಳೆ ಎಳೆ ಬಿಟ್ಟಿದೆ. ಈ ವರ್ಷ ಬದಲಿಸಲೇಬೇಕು.
ಚೀಲದಲ್ಲಿ ಹೊಸದು ಇದೆ,
ಹೋದ ವರ್ಷವೂ ಇತ್ತು.
ಕತ್ತಿಯ ಒಂದೇ ಏಟು ಸಾಕೆಂದು ನನಗೆ ಗೊತ್ತಿಲ್ಲವೇ.
ಆದರೂ ಕೂತು ಬಿಚ್ಚಲು ನೋಡುತ್ತೇನೆ:
ಉಗುರು, ಹಲ್ಲು, ಬಿದಿರಿನ ಮೊನೆ.
ಗಂಟು ನನ್ನ ಬಲಗೈಯನ್ನು ಗುರುತು ಹಿಡಿಯುವುದಿಲ್ಲ.

ಇವತ್ತಿನ ಗುಂಪಿನಲ್ಲಿ ಯೂ-ಶ್ವೆನ್, ಹತ್ತು ವರ್ಷ,
ದಾರಿಯುದ್ದಕ್ಕೂ ಕಾಲು ನೋವೆಂದು ತಾಯಿಯನ್ನು ಕಾಡಿದವಳು,
ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತಳು.
"ಆಂಟಿ, ನೀವು ಉಲ್ಟಾ ಎಳೀತಿದೀರಿ."
ಎಡಗೈಯ ಎರಡು ಬೆರಳು ತೂರಿಸಿ
ಒಮ್ಮೆ ತಳ್ಳಿ, ಒಮ್ಮೆ ಎಳೆದು,
ಅಷ್ಟೇ.
ಹನ್ನೊಂದು ವರ್ಷ ಸಡಿಲಾಗಿ ಅವಳ ಮಡಿಲಿಗೆ ಬಿತ್ತು.
ತೊಗಟೆಯ ಸುತ್ತ ಬಳೆ ತೆಗೆದ ಕೈಯಂತೆ ಒಂದು ಬಿಳಿ ಗುರುತು.

ಹೊಸ ಹಗ್ಗ ಕೊಟ್ಟೆ. ಕಟ್ಟು, ಎಂದೆ.
ಹೇಗೆ?
ನಿನ್ನ ಕೈಗೆ ಬಂದ ಹಾಗೆ.
ಷೂವಿನ ಗಂಟು ಹಾಕಿದಳು, ಚಿಟ್ಟೆಯ ರೆಕ್ಕೆ ಸಮೇತ.
ಅದರ ಹಿಂದೆ, ಕಾಣದಂತೆ, ನನ್ನದೊಂದು ಬಿಗಿದೆ;
ಮಗುವಿನ ಗಂಟಿಗೆ ಹದಿನೈದು ಜನರ ಭಾರ ಹೊರಿಸಲಾದೀತೇ.

ಜಲಪಾತದ ಮಾತೇ ಬರಲಿಲ್ಲ, ಅಲ್ಲವೇ.
ಅದು ಇತ್ತು. ಎಲ್ಲರೂ ಒದ್ದೆಯಾದರು,
ಫೋಟೋ ತೆಗೆದರು, ಒಬ್ಬರ ಮಾತು ಒಬ್ಬರಿಗೆ ಕೇಳದೆ
ಸುಮ್ಮಸುಮ್ಮನೆ ತಲೆ ಆಡಿಸಿದರು.
ಅಷ್ಟು ಎತ್ತರದಿಂದ ಬಿದ್ದು
ಎದ್ದು ನಡೆದು ಹೋಗುವುದು
ನಾನು ಕಂಡಂತೆ ಅದೊಂದೇ.

ಹಳೆಯ ಹಗ್ಗ ಸುತ್ತಿ ಚೀಲಕ್ಕಿಟ್ಟೆ.
ಇಳಿಯುವಾಗಲೂ ಹತ್ತುವಾಗಿನಷ್ಟೇ ಭಾರ.
ಇಲ್ಲ, ತುಸು ಹೆಚ್ಚು.
ನೀರು ಕುಡಿದಿತ್ತಲ್ಲ.