ಹನ್ನೊಂದನೇ ನಂಬರಿನ ಟ್ರಾಮು

ರೀಗಾ ಊರಿನ ಹನ್ನೊಂದನೇ ನಂಬರಿನ ಟ್ರಾಮು ನನ್ನದು.
ಹೆಸರು ವಿಜ್ಮಾ. ವಯಸ್ಸು ಮೂವತ್ತೊಂಬತ್ತು.
ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಡಿಪೋದಲ್ಲಿ
ಸೀಟಿನ ಮೇಲೆ ಮನೆಯಿಂದ ತಂದ ದಿಂಬು ಹಾಕಿ
ಬಲಕ್ಕೆ ತುಸು ವಾಲಿ, ಎಡಗಡೆ ಎತ್ತಿ,
ಕೂರುವುದನ್ನೇ ಒಂದು ಕಸುಬಿನ ಹಾಗೆ ಕಲಿತಿದ್ದೇನೆ.

ಹಳಿಗೂ ಹಳಿಗೂ ನಡುವಿನ ಬೆಸುಗೆಗಳು
ನಕ್ಷೆಯಲ್ಲಿಲ್ಲ, ನನ್ನ ಎಡಸೊಂಟದಲ್ಲಿವೆ.
ತಿರುವಿನಲ್ಲೊಂದು, ಗಿಡ್ಡ, ಸಿಡುಕಿನದು.
ಬೇಕರಿಯ ಮುಂದೆ ಎರಡು, ಅವಳಿ.
ಚಾಕೊಲೇಟಿನ ವಾಸನೆ ಹೊತ್ತ ಮಿಯೆರಾ ಬೀದಿಯಲ್ಲಿ,
ಮಿಯೆರಾ ಎಂದರೆ ನಮ್ಮಲ್ಲಿ ಶಾಂತಿ,
ಎಲ್ಲಕ್ಕಿಂತ ಕೆಟ್ಟದ್ದು:
ಚಕ್ರ ದಾಟಿದೊಡನೆ
ಕಿಬ್ಬೊಟ್ಟೆಯಿಂದ ಹೊರಟದ್ದು
ಬೆನ್ನ ಬುಡಕ್ಕೆ ಹೋಗಿ, ಅಲ್ಲಿಂದ ತೊಡೆಗಿಳಿದು
ಮಂಡಿಯ ಹತ್ತಿರವೆಲ್ಲೋ
ವಿಳಾಸ ಮರೆತವನಂತೆ ನಿಂತುಬಿಡುತ್ತದೆ.

ಹಿಂದೆ ನಲವತ್ತು ಜನ.
ನರಳುವ ಹಾಗಿಲ್ಲ.
ಅಡ್ಡ ಯಾರೂ ಇಲ್ಲದಿದ್ದರೂ ಒಂದು ಸಲ
ಗಂಟೆ ಬಾರಿಸುತ್ತೇನೆ.

ಹದಿಮೂರಕ್ಕೆ ಅಮ್ಮ, ಬರ್ಚ್ ಮರದ ರಸ ಕುಡಿಸಿ:
ಮುಟ್ಟು ಅಂದರೆ ಹೀಗೇ.
ಇಪ್ಪತ್ತಮೂರಕ್ಕೆ ಡಾಕ್ಟರು: ಒಂದು ಹೆತ್ತುಬಿಡಿ.
ಮೂಳೆಯವನು: ನಿಮ್ಮ ಸೀಟು ಸರಿಯಿಲ್ಲ.
ಮೂವತ್ತಕ್ಕೆ ಗಂಡ, ಗೋಡೆಗೆ ತಿರುಗಿ ಮಲಗುತ್ತ: ಇವತ್ತೂನಾ?
ಅವನು ಕೆಟ್ಟವನೇನಲ್ಲ. ಬಿಸಿನೀರಿನ ಚೀಲಕ್ಕೆ
ಉಣ್ಣೆಯ ಕವಚ ಹೆಣೆದವನು ಅವನೇ.
ಬಿಟ್ಟು ಹೋಗುವ ದಿನ ಕೂಡ
ಅದನ್ನು ತೊಳೆದು ಮಡಚಿಟ್ಟು ಹೋದ.

ರಾತ್ರಿ ಪಾಳಿಯಲ್ಲಿ ಗುಂಟಿಸ್ ಹಳಿಯಗುಂಟ ನಡೆಯುತ್ತಾನೆ.
ಉದ್ದ ಹಿಡಿಯ ಸುತ್ತಿಗೆ. ತಟ್ಟುತ್ತಾನೆ, ಕಿವಿಗೊಡುತ್ತಾನೆ.
ಗಟ್ಟಿ ಹಳಿ ಹಾಡುತ್ತದಂತೆ,
ಬಿರುಕು ಬಿಟ್ಟದ್ದು ಕೆಮ್ಮುತ್ತದಂತೆ.
ಇಪ್ಪತ್ತು ವರ್ಷದಲ್ಲಿ ನನ್ನ ಮುಟ್ಟಿದ ಕೈಗಳು ಬಹಳ.
ತಟ್ಟಿ ಕಿವಿಗೊಟ್ಟವರು?

ಆಮೇಲೆ ಒಬ್ಬಳು ಸಿಕ್ಕಳು, ಡಾಕ್ಟರ್ ದಗ್ನಿಯಾ.
ನೆಗಡಿಯಾಗಿ ಮೂಗು ಕೆಂಪಗಿತ್ತು.
ಒತ್ತಿದಳು. ಇಲ್ಲಿಯಾ? ಅಂದಳು.
ನಾನು ಮಾತಾಡಲಿಲ್ಲ, ಮಂಚದ ಮೇಲೆ ಹಾಸಿದ ಕಾಗದ
ಮುಷ್ಟಿಯಲ್ಲಿ ಹರಿಯಿತು.
ಸರಿ, ಇಲ್ಲೇ, ಅಂದು ಬರೆದುಕೊಂಡಳು.
ಅಷ್ಟಕ್ಕೇ ಅತ್ತುಬಿಟ್ಟೆ.

ಎಂಡೊಮೆಟ್ರಿಯೋಸಿಸ್. ಮೂರು ಬೋಗಿಯ ಪದ.
ಗರ್ಭಕೋಶದ ಒಳಪದರದಂಥದ್ದು ಹಳಿ ತಪ್ಪಿ
ಕರುಳ ಮೇಲೆ, ಕಾಲಿಗಿಳಿವ ನರದ ಪಕ್ಕ ಬೀಡು ಬಿಟ್ಟು
ತಿಂಗಳು ತಿಂಗಳೂ ಅಲ್ಲೇ ನೆತ್ತರು ಸೋರುವುದು,
ಹೊರಬರಲು ಬಾಗಿಲಿಲ್ಲದೆ.
ಕೊಯ್ದು ತೆಗೆದರು.
ಹದಿನಾಲ್ಕು ತಿಂಗಳು ಬೆಸುಗೆಗಳ ಲೆಕ್ಕ ಮರೆತಿದ್ದೆ.
ಒಂದು ಮಂಗಳವಾರ, ಬೇಕರಿಯ ಮುಂದೆ,
ಅವಳಿಗಳು ನನ್ನ ಗುರುತು ಹಿಡಿದವು.

ಕಳೆದ ಫೆಬ್ರವರಿಯಲ್ಲಿ ಮಿಯೆರಾ ಬೀದಿಯ ಏಟು
ಎಂದಿನ ಜಾಗಕ್ಕೇ ಬಿತ್ತು, ಆದರೆ ಅದರ ತಳದಲ್ಲಿ
ಹಲ್ಲು ಅಲುಗಾಡಿದಂಥ ಒಂದು ಸಡಿಲ.
ಡಿಪೋಗೆ ಬಂದು ವರದಿ ಬರೆದೆ.
ಯಂತ್ರ ಏನೂ ತೋರಿಸಿಲ್ಲವಲ್ಲ, ಅಂದ ಮೇಲ್ವಿಚಾರಕ.
ನಗು ಬಂತು. ಈ ಮಾತು ನನಗೆ ಹಳೆಯ ನೆಂಟ.
ಗುಂಟಿಸ್ ಹೋಗಿ ತಟ್ಟಿದ.
ಕೆಮ್ಮಿತು.

ಅದೇ ರಾತ್ರಿ ದೊಡ್ಡ ದೀಪ ನಿಲ್ಲಿಸಿ
ಆರು ಜನ ಹಿಮದಲ್ಲಿ ಮಂಡಿಯೂರಿ
ಕಿಡಿ ಹಾರಿಸಿ, ಉಜ್ಜಿ, ಸವರಿ
ಬೆಳಗಾಗುವುದರೊಳಗೆ ಮುಗಿಸಿದರು.
ಒಂದೇ ರಾತ್ರಿ.
ಹಳಿಗೆ.

ಈಗ ಆ ಜಾಗದಲ್ಲಿ ಟ್ರಾಮು ಬೆಣ್ಣೆಯ ಮೇಲೆ ಚಾಕುವಿನಂತೆ ಸಾಗುತ್ತದೆ.
ಸೊಂಟ ಮಾತ್ರ ರೂಢಿ ಬಿಡದೆ ಕಾದಿರುತ್ತದೆ,
ಗಂಟೆ ತಾನಾಗಿ ಬಾರಿಸಿಬಿಡುತ್ತದೆ.
ಮೊನ್ನೆ ಕನ್ನಡಿಯಲ್ಲಿ ಒಬ್ಬ ಹುಡುಗಿ,
ಹದಿನೇಳಿರಬಹುದು, ಶಾಲೆಯ ಚೀಲ.
ಸೀಟು ಖಾಲಿಯಿದ್ದರೂ ಕೂರದೆ ಕಂಬಿ ಹಿಡಿದು
ಬಲಗಾಲಿಗೆ ಭಾರ ಕೊಟ್ಟು ನಿಂತಿದ್ದಳು.
ಹಲ್ಲು ಕಚ್ಚಿದ್ದು ದವಡೆಯಲ್ಲಿ ಕಾಣುತ್ತಿತ್ತು.
ಪ್ರತಿ ಬೆಸುಗೆಗೂ ಮೊದಲೇ ವೇಗ ತಗ್ಗಿಸಿದೆ,
ಅವಳು ಇಳಿಯುವ ತನಕ.

ನಾಲ್ಕು ನಿಮಿಷ ತಡ.
ವರದಿಯಲ್ಲಿ ಕಾರಣ ಬರೆದೆ: ಹಿಮ.
ಹೊರಗೆ ಏಪ್ರಿಲಿನ ಬಿಸಿಲಿತ್ತು.