ಬ್ರೇಕಿಲ್ಲದ ಗಾಡಿ

ರಾತ್ರಿ ಹನ್ನೊಂದಕ್ಕೆ ಕೋಲಾರ ಬಿಟ್ಟರೆ
ಎರಡಕ್ಕೆಲ್ಲ ಕಲಾಸಿಪಾಳ್ಯ.
ನೂರಾ ನಲವತ್ತು ಕ್ರೇಟು ಟೊಮೆಟೊ
ಹೆಗಲಿಂದ ಹೆಗಲಿಗೆ ಇಳಿದು
ಮಂಡಿಯ ಚೀಟಿ ಕೈಗೆ ಬರುವಷ್ಟರಲ್ಲಿ
ಟೀ ಅಂಗಡಿಯವನು ಎರಡನೇ ಹಾಲು ಕಾಯಿಸುತ್ತಿರುತ್ತಾನೆ.
ಮಿಕ್ಕವರು ಕ್ಯಾಬಿನ್ನಿನಲ್ಲೇ ಕಾಲು ಮಡಚಿ ಮಲಗುತ್ತಾರೆ.
"ನೀನೆಲ್ಲಿಗೋ, ವೆಂಕಟರೋಣ?"
"ಕೆರೆ ಕಡೆಗೆ."
ನಗುತ್ತಾರೆ. ನಮ್ಮೂರಲ್ಲಿ ಆ ಮಾತಿಗೆ
ಚೊಂಬು ಹಿಡಿದ ಅರ್ಥವೇ ಬೇರೆ.

ಹಲಸೂರಿನ ಬಸ್ಸಲ್ಲಿ ನನ್ನ ಜೊತೆ ಒಂದು ಕ್ರೇಟು,
ಸೀಳುಬಿಟ್ಟು ಮಂಡಿಯವರು ಬೇಡವೆಂದ ಹಣ್ಣಿನದು.
ಕಂಡಕ್ಟರಮ್ಮ ಅದಕ್ಕೂ ಟಿಕೆಟ್ ಹರಿಯುತ್ತಾಳೆ.
ಹರಿಯಲಿ.
ಪೆಡಲ್ ದೋಣಿಗೆ ಇಬ್ಬರು ಬೇಕು.
"ಒಬ್ರಿಗೆ ಕೊಡಂಗಿಲ್ಲ ಅಣ್ಣಾ, ವಾಲ್ತದೆ" ಎಂದಿದ್ದ
ಕೌಂಟರಿನ ಸೆಲ್ವರಾಜು, ಮೊದಲ ದಿನ.
ಎರಡನೇ ಸಲ ನಾನು ಕ್ರೇಟು ತೋರಿಸಿದೆ.
ಎತ್ತಿ ನೋಡಿದ, ಕೈಯಲ್ಲೇ ತೂಗಿದ,
ಲೈಫ್ ಜಾಕೆಟ್ ಒಂದನ್ನು ಅದಕ್ಕೂ ತೊಡಿಸಿದ.

ಹಂಸದ ದೋಣಿ; ಕೊಕ್ಕು ಮುರಿದು ಬಾತುಕೋಳಿಯಾಗಿದೆ.
ಸ್ಟೇರಿಂಗಿಗೊಂದು ಕಬ್ಬಿಣದ ಹಿಡಿ. ಹಾರನ್ನಿಲ್ಲ, ಗೇರಿಲ್ಲ,
ಕಾಲಡಿ ತಡಕಿದೆ, ಬ್ರೇಕೂ ಇಲ್ಲ.
ಇಪ್ಪತ್ತೆರಡು ವರ್ಷ ಈ ಬಲಗಾಲು ಕಲಿತದ್ದು
ಎಲ್ಲಿ ನಿಲ್ಲಬೇಕು ಎನ್ನುವುದೊಂದನ್ನೇ.
ಇಲ್ಲಿ ತುಳಿಯುವುದು ಬಿಟ್ಟರೂ ಸಾಗುತ್ತದೆ
ಗಾಳಿಗೆ ಬೇಕಾದಷ್ಟು ದೂರ.

ಪುಷ್ಯದಲ್ಲಿ ನಡುಗಡ್ಡೆ ಕಾಣುವುದಿಲ್ಲ.
ಮಂಜಿನೊಳಗೆ ನೀರುಕಾಗೆಗಳ ಕೆಮ್ಮು,
ಆಚೆ ದಡದಲ್ಲಿ ಸೈನಿಕರ ಸೀಟಿ,
ಕೆರೆಯ ಗಬ್ಬು ಕೂಡ ತಣ್ಣಗೆ ಮಲಗಿರುತ್ತದೆ.
ಶಿವರಾತ್ರಿ ಕಳೆದರೆ ರಸ್ತೆಬದಿಯ ಮರಗಳು
ಎಲೆ ಕಳಚಿ ಗುಲಾಬಿ ಬಣ್ಣಕ್ಕೆ ಬರುತ್ತವೆ;
ಹೂವು ನೀರಿಗೆ ಬಿದ್ದು
ಚಿಪ್ಸ್ ಪೊಟ್ಟಣದ ಪಕ್ಕ ಸಂಕೋಚವಿಲ್ಲದೆ ತೇಲುತ್ತದೆ.
ಚೈತ್ರದಲ್ಲಿ ಅಂತರಗಂಗೆ ಹಬ್ಬಿ ಕೌಂಟರು ಬಂದ್.
ಸೆಲ್ವರಾಜು, ನಾನು ದಡದ ಕಟ್ಟೆಯ ಮೇಲೆ ಕೂತು
ಒಡೆದ ಹಣ್ಣಿಗೆ ಉಪ್ಪು ಹಚ್ಚಿ ತಿಂದೆವು.
ಕಟ್ಟೆಯಿಂದ ಇಳಿಬಿಟ್ಟ ಕಾಲು
ತನ್ನಷ್ಟಕ್ಕೆ ತುಳಿಯುತ್ತಿತ್ತು.

ಆಷಾಢ ಬೇರೆ ಕತೆ.
ಆ ವರ್ಷ ಕ್ರೇಟಿಗೆ ಎರಡು ಸಾವಿರ.
ಟಾರ್ಪಾಲಿನ ಮೇಲೆ ಬೀಗ, ಬೀಗದ ಮೇಲೆ ಚೌಡರೆಡ್ಡಿ,
ಮಾಲೀಕರು ಕಾವಲಿಗೆ ಕಳಿಸಿದವನು.
ಆರಡಿ ದೇಹ, ಬಿದಿರುಕೋಲು,
ಮೂರು ರಾತ್ರಿ ನಿದ್ದೆಗೆಟ್ಟ ಕಣ್ಣು.
ಸೀಳುಬಿಟ್ಟದ್ದಕ್ಕೂ ಅಂದು ಗಿರಾಕಿ. ನನ್ನ ಪಾಲಿಗೆ ಕ್ರೇಟಿಲ್ಲ.
"ಬಾ ರೆಡ್ಡಿ" ಎಂದೆ.
ಜಿಟಿಜಿಟಿ ಮಳೆ. ದೋಣಿ ಅವನ ಕಡೆಗೆ ವಾಲಿತು.
"ಆಳ ಎಷ್ಟು?"
"ಗೊತ್ತಿಲ್ಲ."
ಕೋಲು ಇಳಿಸಿ ನೋಡಿದ. ತಳ ಸಿಗಲಿಲ್ಲ.
"ಇಲ್ಲಿ ಕಳ್ಳರು?"
"ನೀರಲ್ಲೇನು ಕದಿಯುತ್ತಾರೆ?"
ಒಂದು ಸುತ್ತು ಮುಗಿಯುವುದರೊಳಗೆ
ಕೋಲು ತೊಡೆಯ ಮೇಲೆ ಅಡ್ಡ, ಗಲ್ಲ ಎದೆಗೆ.
ಅವನ ಪೆಡಲು ಅವನ ಕಾಲನ್ನು ಹೊತ್ತು ತಿರುಗಿತು
ನಾನು ತುಳಿದದ್ದಕ್ಕೆ.
ಅರ್ಧ ಗಂಟೆಗೆ ಸೀಟಿ ಊದಬೇಕಿದ್ದ ಸೆಲ್ವರಾಜು
ಗೊರಕೆ ಕೇಳಿಸಿಕೊಂಡು
ಸೀಟಿಯನ್ನು ಜೇಬಿಗಿಳಿಸಿದ.

ದರ ಇಳಿಯಿತು, ಕಾವಲೂ ಇಳಿಯಿತು.
ಕ್ರೇಟು ತನ್ನ ಸೀಟಿಗೆ ಮರಳಿತು.
ಗಣೇಶನ ಹಬ್ಬದ ಮಾರನೆಯ ವಾರ
ತೇಲಿಬಂದ ಮಣೆಯೊಂದನ್ನು ಹಂಸದ ಮೂತಿಯಿಂದ
ದಡದವರೆಗೆ ತಳ್ಳಿಕೊಂಡು ಬಂದೆ.
ಸೆಲ್ವರಾಜು ಈಗಲೂ ಅದರ ಮೇಲೇ ಕೂರುತ್ತಾನೆ.

ದೋಣಿಯ ಟಿಕೆಟ್ಟುಗಳನ್ನೆಲ್ಲ ನಾನು
ಇನ್ಶೂರೆನ್ಸು, ಪರ್ಮಿಟ್ಟುಗಳ ಜೊತೆ ಇಟ್ಟಿದ್ದೇನೆ.
ಮೊನ್ನೆ ಹೊಸಕೋಟೆಯ ಬಳಿ ತಡೆದ ಸಾಹೇಬರು
ಕಟ್ಟು ಬಿಚ್ಚಿ ಒಂದೊಂದೇ ತಿರುವಿದರು.
"ಇದೇನಯ್ಯಾ ಇಷ್ಟೊಂದು?"
"ಇನ್ನೊಂದು ಗಾಡೀದು ಸಾರ್."
"ಯಾವ ಗಾಡಿ?"
"ಬ್ರೇಕಿಲ್ಲದ್ದು."
ಮುಖ ನೋಡಿದರು. ಟಾರ್ಚು ಹಾಕಿ ಕಣ್ಣು ನೋಡಿದರು.
ಊದು, ಅಂದರು.
ಊದಿದೆ.
ಸೊನ್ನೆ ತೋರಿಸಿತು ಯಂತ್ರ.
ನಂಬದೆ ಇನ್ನೊಮ್ಮೆ ಊದಿಸಿದರು.